ನರಮೇಧವನ್ನು ನಿಲ್ಲಿಸಲು ಕೋಪ ಬೇಕೋ, ಕರುಣೆ ಬೇಕೋ?

ಪ್ರಶ್ನೆ:
ರುವಾಂಡಾದಲ್ಲಿ 1994ರ ಏಪ್ರಿಲ್‌ನಿಂದ ಜುಲೈವರೆಗಿನ ಸುಮಾರು 100 ದಿನಗಳಲ್ಲಿ ಎಂಟು ಲಕ್ಷದಷ್ಟು ಜನರು, ಬಹುಪಾಲು ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರು, ಬಹುಸಂಖ್ಯಾತ ಹುಟು ಜನಾಂಗದ ಉಗ್ರವಾದಿಗಳ ಕೈಯಲ್ಲಿ ಕೊಲೆಯಾದರು. ಅದನ್ನು ಓದಿದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು, ಆಮೇಲೆ ಆ ಸಿಟ್ಟಿನ ಮೇಲೆಯೇ ಅನುಮಾನ. ಕೊಂದವರನ್ನೂ ಸಿಟ್ಟೇರಿಸಿಯೇ ಹೊರಡಿಸಲಾಗಿತ್ತು. ಆರ್‌ಟಿಎಲ್‌ಎಂ ಎಂಬ ರೇಡಿಯೊ ಟುಟ್ಸಿಗಳನ್ನು ಜಿರಲೆಗಳೆಂದು ಕರೆಯುತ್ತ ತಿಂಗಳುಗಟ್ಟಲೆ ಆ ಕಿಚ್ಚನ್ನು ಊದಿತ್ತು. ಕೋಪದ ಕೈಗೆ ಬುದ್ಧಿ ಕೊಡಬಾರದೆಂದು ಕೇಳಿ ಬೆಳೆದ ನಾವು ಇಂಥ ಕೃತ್ಯವನ್ನು ನಿಲ್ಲಿಸುವ ಕೆಲಸಕ್ಕೆ ಕೋಪವನ್ನು ನಂಬಬಹುದೇ, ಅಥವಾ ಕರುಣೆಯೇ ಸಾಕೇ?

ಉತ್ತರ 1:
ಸಾಲದು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥ ರೋಮಿಯೊ ಡಲೇರ್ ಅವರು ಆ ವರ್ಷದ ಜನವರಿ 11ರಂದೇ ನ್ಯೂಯಾರ್ಕಿಗೆ ಸಂದೇಶ ಕಳುಹಿಸಿ, ಆಯುಧಗಳನ್ನು ಬಚ್ಚಿಟ್ಟ ಜಾಗಗಳ ಮೇಲೆ ದಾಳಿ ಮಾಡುವುದಾಗಿ ತಿಳಿಸಿದ್ದರು. ಕೇಂದ್ರ ಕಚೇರಿ ಬೇಡವೆಂದಿತು. ಹತ್ಯೆಗಳು ಆರಂಭವಾಗಿ ಎರಡು ವಾರ ಕಳೆದ ಮೇಲೆ, ಏಪ್ರಿಲ್ 21ರಂದು, ಭದ್ರತಾ ಮಂಡಳಿಯು ಪಡೆಯನ್ನು ಬಲಪಡಿಸುವ ಬದಲು 270 ಜನರಿಗೆ ಇಳಿಸಲು ತೀರ್ಮಾನಿಸಿತು. ಸಾವಿರಾರು ಅಮಾಯಕರ ಸಾವಿಗೆ ದಿಗ್ಭ್ರಮೆ ವ್ಯಕ್ತಪಡಿಸುವ ಸಾಲೂ ಅದೇ ನಿರ್ಣಯದಲ್ಲಿದೆ. ಮರುಕವಿತ್ತು, ಯಾರನ್ನೂ ಹೊಣೆ ಮಾಡುವ ಸಿಟ್ಟು ಇರಲಿಲ್ಲ.

ಆ ಜುಲೈ ಕೊನೆಗೆ ಕರುಣೆ ಧಾರಾಳವಾಗಿಯೇ ಬಂತು, ಆದರೆ ಬಂದದ್ದು ಗಡಿಯಾಚೆಯ, ಇಂದಿನ ಕಾಂಗೊದ, ಗೋಮಾ ಪಟ್ಟಣಕ್ಕೆ. ಓಡಿಬಂದ ಲಕ್ಷಾಂತರ ಹುಟುಗಳ ನಡುವೆ ಕಾಲರಾ ಹಬ್ಬಿ ಹತ್ತಾರು ಸಾವಿರ ಜನರು ಸತ್ತಾಗ ಜಗತ್ತು ಕರಗಿತು. ಆದರೆ ಹತ್ಯೆಗಳನ್ನು ನಡೆಸಿದ ನಾಯಕರೇ ಅಲ್ಲಿನ ನಿರಾಶ್ರಿತರ ಶಿಬಿರಗಳನ್ನು ಹಿಡಿತದಲ್ಲಿಟ್ಟುಕೊಂಡು, ಬಂದ ದವಸವನ್ನು ತಮ್ಮ ಬಲ ಬೆಳೆಸಲು ಬಳಸಿದರು. ಇದನ್ನು ಸಹಿಸಲಾರದೆ ಮೆದ್ಸಾಂ ಸಾಂ ಫ್ರಾಂತಿಯೆರ್ ವೈದ್ಯ ಸಂಸ್ಥೆಯ ಫ್ರೆಂಚ್ ವಿಭಾಗ ನವೆಂಬರ್‌ನಲ್ಲಿ ಶಿಬಿರಗಳಿಂದ ಹೊರನಡೆಯಿತು. ನನ್ನ ದೃಷ್ಟಿಯಲ್ಲಿ ಅದು ಕೋಪದ ಅತ್ಯಂತ ಸಭ್ಯ ರೂಪ.

ಉತ್ತರ 2:
ಮಂಡಳಿಯ ಮೇಜಿನ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಕೊಲೆಗಾರರು ಕಾವಲು ನಿಂತಿದ್ದ ರಸ್ತೆಯಲ್ಲಿ ಸಿಟ್ಟು ಯಾರನ್ನೂ ಉಳಿಸುತ್ತಿರಲಿಲ್ಲ. ಸೆನೆಗಲ್‌ನ ಕ್ಯಾಪ್ಟನ್ ಎಂಬಾಯ್ ಜಾಂಞ್ ವಿಶ್ವಸಂಸ್ಥೆಯ ಆಯುಧವಿಲ್ಲದ ಸೇನಾ ವೀಕ್ಷಕರಾಗಿದ್ದರು. ಜನರನ್ನು ಪಾರುಮಾಡುವುದು ಅವರಿಗೆ ವಹಿಸಿದ ಕೆಲಸವಾಗಿರಲಿಲ್ಲ. ಆದರೂ ಹತಳಾದ ಪ್ರಧಾನಿ ಅಗಾಥ್ ಉವಿಲಿಂಗಿಯಿಮಾನಾ ಅವರ ಮಕ್ಕಳಿಂದ ಮೊದಲುಗೊಂಡು, ಒಂದು ಸಲಕ್ಕೆ ಕೆಲವೇ ಜನರಂತೆ ತಮ್ಮ ವಾಹನದಲ್ಲಿ ಕೂರಿಸಿಕೊಂಡು, ಕಾವಲಿನವರಿಗೆ ಸಿಗರೇಟು ಕೊಟ್ಟು, ನಗೆಮಾತಾಡಿ ದಾಟಿಸಿದರು. ಹೀಗೆ ಜೀವ ಉಳಿದವರ ಸಂಖ್ಯೆ ನೂರಾರು. ಮೇ 31ರಂದು ಅಂಥದೇ ಒಂದು ತಪಾಸಣಾ ಸ್ಥಳದ ಬಳಿ ಫಿರಂಗಿಗುಂಡಿಗೆ ಅವರು ಬಲಿಯಾದರು. ಕೈಯಲ್ಲಿ ಮಚ್ಚು ಹಿಡಿದವನ ಜೊತೆ ನಗುವುದಕ್ಕೆ ಎಂಥ ಮನಸ್ಸು ಬೇಕೆಂದು ಯೋಚಿಸಿ ನೋಡಿ.

ಉತ್ತರ 3:
ಈ ನರಮೇಧದ ವಿಚಾರಣೆಗೆಂದು ತಾಂಜಾನಿಯಾದ ಅರುಷಾದಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ನ್ಯಾಯಮಂಡಳಿಯನ್ನೂ ನೆನೆಯಬೇಕು. ರುವಾಂಡಾದ ಟಾಬಾದಲ್ಲಿ ಮೇಯರ್ ಆಗಿದ್ದ ಜಾನ್‌ಪಾಲ್ ಅಕಯೇಸು ಮೇಲಿನ ಮೊದಲ ದೋಷಾರೋಪದಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಸಾಕ್ಷಿ ಹೇಳಲು ಬಂದ ಹೆಂಗಸರು ತಾವಾಗಿ ಅದನ್ನು ಹೇಳತೊಡಗಿದರು, ಪೀಠದಲ್ಲಿದ್ದ ನವನೀತಂ ಪಿಳ್ಳೆ ಅವರು ತಡೆಯದೆ ಕೇಳಿದರು, ಮತ್ತು 1997ರಲ್ಲಿ ದೋಷಾರೋಪ ತಿದ್ದುಪಡಿಯಾಯಿತು. 1998ರ ಸೆಪ್ಟೆಂಬರ್ 2ರ ತೀರ್ಪು ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದೆಂದು ಸಾರಿತು. ಅಲ್ಲಿ ತಾಳ್ಮೆಯಿಂದ ಆಲಿಸಿದ್ದೇ ಆರೋಪಪಟ್ಟಿಯಾಯಿತು. ಯಾವುದು ಕರುಣೆ, ಯಾವುದು ಕೋಪ ಎಂದು ಬಿಡಿಸಲು ನನಗೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಮೂವರಿಗೂ ವಂದನೆಗಳು. ಆದರೆ ಗೋಮಾದ ಮಾತು ನನ್ನನ್ನು ಬಿಡುತ್ತಿಲ್ಲ. ಕಾಲರಾದಿಂದ ಸಾಯುತ್ತಿದ್ದವರಲ್ಲಿ ಯಾರನ್ನೂ ಕೊಲ್ಲದ ಮಕ್ಕಳೂ ಇದ್ದರಲ್ಲವೇ? ಅವರಿಗೆ ನೀರು ಕೊಡುವವರು ಮೊದಲು ಸಿಟ್ಟಾಗಬೇಕಿತ್ತೇ?

ಉತ್ತರ 1ರ ಲೇಖಕರು:
ನೀರು ಕೊಡಲೇಬೇಕಿತ್ತು. ಕೊಲೆಗಾರರ ಮೂಲಕ ಕೊಡಬಾರದಿತ್ತು ಎಂಬುದಷ್ಟೇ ನನ್ನ ವಾದ. ಆ ವೈದ್ಯ ಸಂಸ್ಥೆಯ ಇತರ ವಿಭಾಗಗಳು ಮುಂದಿನ ವರ್ಷದವರೆಗೂ ಅಲ್ಲಿಯೇ ಉಳಿದವು, ಅವರು ತಪ್ಪು ಮಾಡಿದರೆಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ.