ಸ್ಟುಟ್‌ಗಾರ್ಟ್‌ನಲ್ಲಿ ಹಳೆಯ ಪೋರ್ಷೆ: ಛಾವಣಿ ತೆರೆಯುವ ಬಾಕ್ಸ್‌ಸ್ಟರ್ ಕೊಳ್ಳಲೋ, ಕೇಮನ್ ಕೂಪೆ ಕೊಳ್ಳಲೋ?

ನೆಕರ್‌ತೀರದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸ್ಟುಟ್‌ಗಾರ್ಟ್‌ಗೆ ಬಂದು ಒಂಬತ್ತು ವರ್ಷಗಳಾದವು. ಕಚೇರಿಗೆ ಹೋಗಿಬರಲು ಟ್ರಾಮ್ ಇದೆ, ಮನೆಯ ಸಾಮಾನು ತರಲು ಹೆಂಡತಿಯ ಸಣ್ಣ ಕಾರಿದೆ. ಆದ್ದರಿಂದ ಈಗ ಕೊಳ್ಳಬೇಕೆಂದಿರುವ ಕಾರು ಅಗತ್ಯಕ್ಕಲ್ಲ, ಬಹುದಿನದ ಆಸೆಗೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಿಂಗಳಿಗೆ ಎರಡು ಮೂರು ಭಾನುವಾರ ಬಾಡೆನ್ ಬಾಡೆನ್‌ನಿಂದ ಫ್ರಾಯ್ಡನ್‌ಸ್ಟಾಟ್‌ವರೆಗೆ ಬ್ಲ್ಯಾಕ್ ಫಾರೆಸ್ಟಿನ ಬೆಟ್ಟದ ದಾರಿಯಲ್ಲಿ ಓಡಿಸಬೇಕು, ವರ್ಷಕ್ಕೊಮ್ಮೆ ಇಬ್ಬರೂ ಆಲ್ಪ್ಸ್ ಕಡೆ ಹೋಗಿಬರಬೇಕು, ಇಷ್ಟೇ ಉದ್ದೇಶ.

ಸದ್ಯ ಎರಡು ಗಾಡಿಗಳು ಕಣ್ಣಿಗೆ ಬಿದ್ದಿವೆ. ಒಂದು ಬಾಕ್ಸ್‌ಸ್ಟರ್, ಇನ್ನೊಂದು ಕೇಮನ್, ಅಂದರೆ ಛಾವಣಿ ತೆರೆಯಲಾಗದ ಕೂಪೆ. ಎರಡೂ 2007ರವು, ಎರಡರಲ್ಲೂ 2.7 ಲೀಟರಿನ ಅದೇ ಆರು ಸಿಲಿಂಡರ್ ಎಂಜಿನ್, ಅದೇ 245 ಅಶ್ವಶಕ್ತಿ, ಐದು ಗೇರು. ಓಡಿರುವ ದೂರವೂ ಹೆಚ್ಚುಕಡಿಮೆ ಸಮ. ಆದರೆ ಕೇಮನ್‌ಗೆ ಮೂರು ಸಾವಿರ ಯೂರೊ ಹೆಚ್ಚು ಕೇಳುತ್ತಿದ್ದಾರೆ. ಛಾವಣಿ ತೆರೆದು ಓಡಿಸುವ ಸುಖ ಬೇಕೆಂದು ಮನಸ್ಸು ಹೇಳುತ್ತದೆ. ಕೂಪೆಯ ಮೈಕಟ್ಟು ಗಟ್ಟಿ, ಅದು ತಿರುವುಗಳಲ್ಲಿ ಹೆಚ್ಚು ನಿಖರ ಎಂದು ಓದಿದ್ದು ತಲೆಯಲ್ಲಿ ಕೊರೆಯುತ್ತಿದೆ. ನಮಗೆ ಗ್ಯಾರೇಜ್ ಇಲ್ಲ; ಕಾರು ಮನೆಯೆದುರಿನ ರಸ್ತೆಯಲ್ಲಿ, ಲಿಂಡನ್ ಮರಗಳ ಸಾಲಿನಲ್ಲಿ ನಿಲ್ಲುತ್ತದೆ. ಇವನ್ನು ಇಟ್ಟುಕೊಂಡಿರುವವರು ದಯವಿಟ್ಟು ಅನುಭವ ತಿಳಿಸಬೇಕು.

ಹಳೇಗಾಡಿ

ಮಾನ್ಯರೇ, ತಿರುವು, ಬೆಲೆ, ಮೈಕಟ್ಟು ಎಲ್ಲವನ್ನೂ ನೀವು ವಿವರವಾಗಿ ಬರೆದಿದ್ದೀರಿ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಕೊನೆಯಲ್ಲಿ ಸುಮ್ಮನೆ ಹೇಳಿಹೋದ ಆ ಲಿಂಡನ್ ಮರಗಳ ಕೆಳಗೆ.

ಬಾಕ್ಸ್‌ಸ್ಟರಿನ ಬಟ್ಟೆಯ ಛಾವಣಿ ಸೋರುತ್ತದೆಂದು ಜನ ಹೆದರುತ್ತಾರೆ. ಬಟ್ಟೆ ಸಾಮಾನ್ಯವಾಗಿ ಸೋರುವುದಿಲ್ಲ. ಛಾವಣಿಯ ಮೇಲೆ ಬಿದ್ದ ನೀರು ಹಿಂದಕ್ಕೆ ಹರಿದು, ಛಾವಣಿ ಮಡಚಿಕೊಳ್ಳುವ ಜಾಗದ ಎರಡು ಮೂಲೆಗಳಿಗೆ ಇಳಿದು, ಅಲ್ಲಿಂದ ಸಣ್ಣ ಕೊಳವೆಗಳ ಮೂಲಕ ಹಿಂದಿನ ಚಕ್ರಗಳ ಮುಂದೆ ನೆಲಕ್ಕೆ ಬೀಳಬೇಕು. ಮರದ ಕೆಳಗೆ ನಿಂತ ಕಾರಿನಲ್ಲಿ ಹೂವಿನ ಪಕಳೆ, ಎಲೆಯ ಚೂರು, ಧೂಳು ಎಲ್ಲ ಸೇರಿ ಕಪ್ಪು ಗಸಿಯಾಗಿ ಆ ಬಾಯಿಯನ್ನು ಮುಚ್ಚುತ್ತವೆ. ಆಮೇಲೆ ನೀರು ಒಳಗೆ ಬರುತ್ತದೆ.

ನನ್ನ ಮೊದಲ ಬಾಕ್ಸ್‌ಸ್ಟರ್ ಇದಕ್ಕೂ ಹಿಂದಿನ ತಲೆಮಾರಿನದು, 2001ರದು, ಹಿಂದಿನ ಕಿಟಕಿ ಇನ್ನೂ ಪ್ಲಾಸ್ಟಿಕ್ ಆಗಿದ್ದ ಕಾಲದ್ದು. ಒಂದು ನವೆಂಬರಿನಲ್ಲಿ ಎರಡು ವಾರ ಊರಿಗೆ ಹೋಗಿ ಬಂದು ಬಾಗಿಲು ತೆರೆಯಲು ಹೋದರೆ ರಿಮೋಟ್‌ಗೆ ಕಾರು ಓಗೊಡಲಿಲ್ಲ. ಕೀಲಿಯಿಂದ ತೆರೆದು ಒಳಗೆ ಕಾಲಿಟ್ಟಾಗ ಕಾಲುಚೀಲ ಪಾದದವರೆಗೆ ನೆನೆಯಿತು. ಕಾರ್ಪೆಟ್ಟಿನಡಿಯ ಸ್ಪಂಜು ಕೆರೆಯಂತೆ ನೀರು ಹಿಡಿದಿತ್ತು. ಆ ಮಾದರಿಯಲ್ಲಿ ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಎಡಗಡೆಯ ಆಸನದ ಅಡಿಯಲ್ಲೇ, ಅಂದರೆ ನೀರು ಮೊದಲು ಸೇರುವ ತಗ್ಗಿನಲ್ಲೇ ಇಟ್ಟಿದ್ದಾರೆ. ಅದು ಕೆಟ್ಟರೆ ಎಂಜಿನ್ ಚಾಲೂ ಆಗುವುದಿಲ್ಲ. ಕೊಳವೆ ತೆರವುಗೊಳಿಸಲು ಹತ್ತು ನಿಮಿಷ ಸಾಕಾಗಿತ್ತು. ಪೆಟ್ಟಿಗೆ ಸರಿಮಾಡಿಸಿ ಒಳಾಂಗಣ ಒಣಗಿಸಲು ಒಂದು ತಿಂಗಳು ಹಿಡಿಯಿತು.

ಆದ್ದರಿಂದ ನೋಡಲು ಹೋಗುವಾಗ ಒಂದು ಬಾಟಲಿ ನೀರು ಕೊಂಡೊಯ್ಯಿರಿ. ಛಾವಣಿಯನ್ನು ಅರ್ಧ ತೆರೆದು ನಿಲ್ಲಿಸಿ, ಎರಡೂ ಮೂಲೆಗಳಿಗೆ ನಿಧಾನವಾಗಿ ಸುರಿದು, ಹಿಂಚಕ್ರದ ಮುಂದೆ ನೆಲ ಒದ್ದೆಯಾಗುತ್ತದೆಯೇ ನೋಡಿ. ಆಸನಗಳ ಹಿಂದಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡಿ, ಮೂಸಿಯೂ ನೋಡಿ. ಮುಗ್ಗಲು ವಾಸನೆಯನ್ನು ಯಾವ ಸುಗಂಧವೂ ಪೂರ್ತಿ ಮುಚ್ಚಲಾರದು. ಕೊಳವೆ ಕಟ್ಟಿದ್ದರೆ ಗಾಳಿ ಪಂಪಿನಿಂದ ಊದಲು ಮಾತ್ರ ಬಿಡಬೇಡಿ. ಒಳಗಿನ ಜೋಡಣೆ ಕಳಚಿಕೊಂಡರೆ ನೀರು ಎಲ್ಲಿಗೆ ಹೋಗುತ್ತದೆಂದು ಹುಡುಕುವುದೇ ಕೆಲಸವಾಗುತ್ತದೆ. ಬಳುಕುವ ತೆಳು ತಂತಿ ಸಾಕು.

ಇನ್ನೊಂದು ವಿಷಯ. ಇಲ್ಲಿ ಇಂಥ ಕಾರುಗಳಿಗೆ ಅನೇಕರು ಋತುಮಾನದ ನಂಬರ್ ಪ್ಲೇಟ್ ಹಾಕಿಸುತ್ತಾರೆ. ಪ್ಲೇಟಿನ ಬಲತುದಿಯಲ್ಲಿ ಮೇಲೆ 04, ಕೆಳಗೆ 10 ಎಂದಿದ್ದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರಿಗೆ, ವಿಮೆ. ಆದರೆ ಉಳಿದ ತಿಂಗಳುಗಳಲ್ಲಿ ಆ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವಂತೆಯೇ ಇಲ್ಲ. ಗ್ಯಾರೇಜ್ ಇಲ್ಲದ ನಿಮಗೆ ಆ ಉಳಿತಾಯವೂ ಇಲ್ಲ, ಬಟ್ಟೆಯ ಛಾವಣಿಗೆ ಹಿಮದಿಂದ ರಕ್ಷಣೆಯೂ ಇಲ್ಲ. ರಸ್ತೆಬದಿಯೇ ಗತಿ ಎಂದಾದರೆ ಕೇಮನ್ ಕೊಳ್ಳಿ. ಬಾಕ್ಸ್‌ಸ್ಟರ್ ಪ್ರೇಮಿಯಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಇಸಾರ್ ಕನ್ನಡಿಗ

ಮ್ಯೂನಿಕ್‌ನಲ್ಲಿ ನಾಲ್ಕು ವರ್ಷಗಳಿಂದ ಕೇಮನ್ ಇಟ್ಟುಕೊಂಡಿದ್ದೇನೆ. ಹಳೇಗಾಡಿಯವರ ಮಾತಿಗೆ ನನ್ನ ಸಹಮತವಿದೆ, ಆದರೆ ಕೂಪೆ ಎಂದರೆ ಎಲ್ಲದರಲ್ಲೂ ಅನುಕೂಲ ಎಂಬ ಭಾವನೆ ಬೇಡ.

ಮೊದಲು ಸದ್ದಿನ ವಿಷಯ. ಲೋಹದ ಛಾವಣಿ ಇರುವುದರಿಂದ ಒಳಗೆ ನಿಶ್ಶಬ್ದವಾಗಿರುತ್ತದೆ ಎಂದುಕೊಂಡೇ ನಾನೂ ಕೊಂಡೆ. ಎಂಜಿನ್ ಬೆನ್ನ ಹಿಂದೆಯೇ ಇದೆ, ಅದರ ಮೇಲೆ ಕಾರ್ಪೆಟ್ ಹೊದಿಸಿದ ಮುಚ್ಚಳವಿದೆ, ಅಲ್ಲಿಂದ ಹಿಂದಿನ ಗಾಜಿನವರೆಗೆ ಇಡೀ ಜಾಗ ಒಂದೇ ಕೋಣೆ. ಹೀಗಾಗಿ ಆಟೊಬಾನ್‌ನಲ್ಲಿ ಹಿಂದಿನ ಟೈರುಗಳ ಗುಂಯ್‌ಗುಡುವಿಕೆ ನೇರವಾಗಿ ಕಿವಿಗೆ ಬರುತ್ತದೆ. ಬಾಕ್ಸ್‌ಸ್ಟರಿನಲ್ಲಿ ಗಾಳಿಯ ಸದ್ದು ಹೆಚ್ಚು, ಇದರಲ್ಲಿ ರಸ್ತೆಯ ಸದ್ದು ಹೆಚ್ಚು. ಎರಡು ಗಂಟೆಯ ಪ್ರಯಾಣದ ಬಳಿಕ ಯಾವುದು ಮೇಲೆಂದು ಹೇಳುವುದು ಕಷ್ಟ.

ಮೈಕಟ್ಟಿನ ಬಗ್ಗೆ ನೀವು ಓದಿದ್ದು ನಿಜ, ತಿರುಚುವ ಬಲಕ್ಕೆ ಕೇಮನ್ ಹೆಚ್ಚು ಗಟ್ಟಿ. ಆದರೆ ಬಹುತೇಕ ಕಂಪನಿಗಳು ಕೂಪೆಯ ತಲೆ ಕತ್ತರಿಸಿ ಕನ್ವರ್ಟಿಬಲ್ ಮಾಡುತ್ತವೆ. ಇಲ್ಲಿ ನಡೆದದ್ದು ತಿರುಗುಮುರುಗು. ಬಾಕ್ಸ್‌ಸ್ಟರ್ 1996ರಿಂದಲೇ ತೆರೆದ ಕಾರಾಗಿ ಹುಟ್ಟಿದ್ದು, ಅದಕ್ಕೆ ಛಾವಣಿ ಬೆಸೆದು 2005ರ ಕೊನೆಯಲ್ಲಿ ಕೇಮನ್ ತಂದರು. ಆದ್ದರಿಂದ ತೆರೆದ ಗಾಡಿಯೂ ಸಡಿಲವಲ್ಲ. ನಮ್ಮ ನಿಮ್ಮ ವೇಗದಲ್ಲಿ, ಸಾರ್ವಜನಿಕ ರಸ್ತೆಯಲ್ಲಿ, ಆ ವ್ಯತ್ಯಾಸಕ್ಕಾಗಿ ಮೂರು ಸಾವಿರ ಯೂರೊ ಕೊಡುವುದು ನನಗೆ ಸರಿಯೆನಿಸುವುದಿಲ್ಲ. ಹೊಸದಾಗಿದ್ದಾಗಲೇ ಕೂಪೆಗೆ ಹೆಚ್ಚು ಬೆಲೆ ಕಟ್ಟಿದ್ದರು, ಅದೇ ಲೆಕ್ಕ ಹಳೆಯ ಗಾಡಿಗಳಲ್ಲೂ ಮುಂದುವರಿದಿದೆ.

ಆ ಹಣಕ್ಕೆ ನಿಜವಾಗಿ ಸಿಗುವುದು ಜಾಗ. ಎರಡರಲ್ಲೂ ಮುಂದೊಂದು, ಹಿಂದೊಂದು ಡಿಕ್ಕಿಯಿದೆ. ಬಾಕ್ಸ್‌ಸ್ಟರಿನಲ್ಲಿ ಒಟ್ಟು 280 ಲೀಟರ್, ಕೇಮನ್‌ನಲ್ಲಿ 410. ಇಬ್ಬರು ಒಂದು ವಾರ ಆಲ್ಪ್ಸ್‌ಗೆ ಹೋಗುವುದಾದರೆ, ಅದರಲ್ಲೂ ಅಕ್ಕಿ, ಸಾರಿನ ಪುಡಿ, ಸಣ್ಣ ಕುಕ್ಕರ್ ಕಟ್ಟಿಕೊಂಡು ಹೋಗುವ ನಮ್ಮಂಥವರಾದರೆ, ಇದು ಸಣ್ಣ ಮಾತಲ್ಲ.

ಎಂಜಿನ್ ಎರಡಕ್ಕೂ ಒಂದೇ ಆದ್ದರಿಂದ ಕಾಯಿಲೆಯೂ ಒಂದೇ. ಹಳೆಯ ಬಾಕ್ಸ್‌ಸ್ಟರುಗಳ ಎಂಜಿನ್ ಒಳಗಿನ ಮಧ್ಯದ ಶಾಫ್ಟಿನ ಬೇರಿಂಗ್ ಕೆಡುವುದಕ್ಕೆ ಕುಖ್ಯಾತ; 2007ರ ವೇಳೆಗೆ ದೊಡ್ಡ ಬೇರಿಂಗ್ ಬಂದು ಆ ಅಪಾಯ ಕಡಿಮೆಯಾಗಿದೆ, 2009ರ ಮಾದರಿಯಿಂದ ಆ ಶಾಫ್ಟೇ ಇಲ್ಲ. ಸಿಲಿಂಡರ್ ಗೋಡೆ ಗೀರುವ ತೊಂದರೆ 3.4 ಲೀಟರಿನದರಲ್ಲಿ ಹೆಚ್ಚು, ನಿಮ್ಮ 2.7ರಲ್ಲಿ ಅಪರೂಪ. ಆದರೂ ಎಂಜಿನ್ ಪೂರ್ತಿ ತಣ್ಣಗಿರುವಾಗ ಚಾಲೂ ಮಾಡಿಸಿ ಕಿವಿಗೊಟ್ಟು ಕೇಳಿ. ನೀವು ತಲುಪುವ ಮೊದಲೇ ಗಾಡಿ ಬಿಸಿಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ.

ಜಯನಗರ ನಾಲ್ಕನೇ ಬ್ಲಾಕ್

ಬೆಂಗಳೂರಿನಿಂದ ಒಂದು ಸಣ್ಣ ಸೇರ್ಪಡೆ. ಎರಡರ ನಡುವಿನ ದಾರಿಯೂ ಇದೆ: 2009ರಲ್ಲಿ ಬಂದ ಬಿಎಂಡಬ್ಲ್ಯು ಜೆಡ್4ರಂತೆ ಮಡಚಿಕೊಳ್ಳುವ ಲೋಹದ ಛಾವಣಿ. ನನ್ನ ಬಳಿ ಅದಿದೆ. ಮುಚ್ಚಿದರೆ ಕೂಪೆ, ತೆರೆದರೆ ಕನ್ವರ್ಟಿಬಲ್. ಆದರೆ ತೆರೆದಾಗ ಛಾವಣಿ ಡಿಕ್ಕಿಯೊಳಗೆ ಹೋಗಿ ಕೂರುವುದರಿಂದ 310 ಲೀಟರಿನ ಜಾಗ 180ಕ್ಕೆ ಇಳಿಯುತ್ತದೆ, ಮಡಚುವ ಯಂತ್ರ ಕೆಟ್ಟರೆ ಬಟ್ಟೆ ಬದಲಿಸಿದಷ್ಟು ಸುಲಭವಲ್ಲ. ಇಲ್ಲಿ ಬಿಸಿಲು, ಧೂಳು, ಸಿಗ್ನಲ್‌ಗಳಲ್ಲಿ ಪಕ್ಕದ ಬಸ್ಸಿನವರ ನೋಟ ಇವೆಲ್ಲದರಿಂದ ನಾನು ಛಾವಣಿ ತೆರೆಯುವುದು ಭಾನುವಾರ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಮಾತ್ರ. ನಿಮ್ಮಲ್ಲಿ ಆರು ತಿಂಗಳಾದರೂ ತೆರೆದು ಓಡಿಸಬಹುದಲ್ಲ, ಅದೇ ಭಾಗ್ಯ.

ನೆಕರ್‌ತೀರದವ

ಮೂವರಿಗೂ ಧನ್ಯವಾದಗಳು. ಶನಿವಾರ ಎರಡನ್ನೂ ನೋಡಿ ಬಂದೆ.

ಕೇಮನ್ ನೋಡಲು ಚೆನ್ನಾಗಿತ್ತು, ಆದರೆ ಹಿಂದಿನ ಮುಚ್ಚಳದ ಮೇಲೆ ಕೈಯಿಟ್ಟಾಗ ಬೆಚ್ಚಗಿತ್ತು. ಬೆಳಿಗ್ಗೆ ತೊಳೆಸಲು ತೆಗೆದುಕೊಂಡು ಹೋಗಿದ್ದೆ ಎಂದರು. ನಿಜವೂ ಇರಬಹುದು, ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಟೆ.

ಬಾಕ್ಸ್‌ಸ್ಟರಿನ ಮಾಲೀಕರು ನಿವೃತ್ತ ಮೇಷ್ಟರು. ನಾನು ಚೀಲದಿಂದ ನೀರಿನ ಬಾಟಲಿ ತೆಗೆದದ್ದು ನೋಡಿ ನಕ್ಕು, ತೋಟಕ್ಕೆ ನೀರು ಹಾಕುವ ಕ್ಯಾನನ್ನೇ ತಂದುಕೊಟ್ಟರು. ಬಲಗಡೆ ಸುರಿದ ನೀರು ಕ್ಷಣದಲ್ಲಿ ಚಕ್ರದ ಮುಂದೆ ಇಳಿಯಿತು. ಎಡಗಡೆ ಬೆರಳಿನಷ್ಟು ನಿಂತು, ಬಹಳ ಹೊತ್ತಿನ ಮೇಲೆ ಹನಿಹನಿಯಾಗಿ ಹೋಯಿತು. ಕಾರ್ಪೆಟ್ ಒಣಗಿಯೇ ಇತ್ತು, ವಾಸನೆಯಿರಲಿಲ್ಲ. ಅವರೇ ಪೇಚಾಡಿಕೊಂಡು, ಕೊಳವೆ ತೆರವುಗೊಳಿಸಿ ತಿಳಿಸುವುದಾಗಿ ಹೇಳಿದ್ದಾರೆ. ದಾಖಲೆ ನೋಡುವಾಗ ಚಾಸಿಸ್ ಸಂಖ್ಯೆಯ ಹನ್ನೊಂದನೇ ಅಕ್ಷರ ‘ಯು’ ಎಂದಿತ್ತು. ಅಂದರೆ ಈ ಗಾಡಿ ತಯಾರಾದದ್ದು ನಮ್ಮ ಮನೆಯ ಹತ್ತಿರ ಪೋರ್ಷೆ ಕಾರ್ಖಾನೆಯಿರುವ ಸುಫನ್‌ಹೌಸನ್‌ನಲ್ಲಲ್ಲ, ಫಿನ್‌ಲ್ಯಾಂಡಿನ ಊಸಿಕೌಪುಂಕಿಯಲ್ಲಿ ಎಂದು ಅವರೇ ವಿವರಿಸಿದರು. ನನ್ನ ಹೆಂಡತಿ ಅದನ್ನು ಇನ್ನೂ ಹೇಳಿಕೊಂಡು ನಗುತ್ತಿದ್ದಾಳೆ.

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಮಾರ್ಚ್‌ಗೆ ಒಂದು ಪಾರ್ಕಿಂಗ್ ಜಾಗ ಖಾಲಿಯಾಗುತ್ತದೆಂದು ಗೊತ್ತಾಗಿ ನಿನ್ನೆಯೇ ಅರ್ಜಿ ಕೊಟ್ಟಿದ್ದೇನೆ. ಅದು ಸಿಕ್ಕರೆ ಬಾಕ್ಸ್‌ಸ್ಟರ್, ಸಿಗದಿದ್ದರೆ ತಣ್ಣಗಿರುವ ಎಂಜಿನ್ ಕೇಳಲು ಮತ್ತೆ ಕೇಮನ್ ಬಳಿಗೆ.

ಹಳೇಗಾಡಿ

ನೆಲಮಾಳಿಗೆಯ ಇಳಿಜಾರು ಎಷ್ಟು ಕಡಿದಾಗಿದೆ ಎಂದು ಅಳೆದುಕೊಳ್ಳಿ. ಈ ಕಾರುಗಳ ಮುಂಭಾಗದ ತುಟಿ ನೆಲಕ್ಕೆ ಬಹಳ ಹತ್ತಿರ.