ಸಹಾಯ ಬೇಕು: ಹೆಡ್‌ಸೆಟ್‌ನಲ್ಲಿ ಹೋಗಿರುವುದು ಮೈಕಾ, ಕೇಬಲ್ಲಾ?

ಎಲ್ಲರಿಗೂ ನಮಸ್ಕಾರ. ನನ್ನ ಏವಿಯೇಷನ್ (ವಿಮಾನದಲ್ಲಿ ಬಳಸುವ) ಹೆಡ್‌ಸೆಟ್‌ನಲ್ಲಿ ಬೇರೆಯವರ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ನನ್ನ ಮಾತು ಮಾತ್ರ ಯಾರಿಗೂ ಹೋಗುತ್ತಿಲ್ಲ. ಅದೇ ಜಾಕ್‌ಗೆ ಬೇರೆ ಹೆಡ್‌ಸೆಟ್ ಹಾಕಿದರೆ ಏನೂ ತೊಂದರೆಯಿಲ್ಲ. ಹಾಗಾಗಿ ಇಂಟರ್‌ಕಾಮ್ (ವಿಮಾನದೊಳಗೆ ಮಾತಾಡಿಕೊಳ್ಳುವ ವ್ಯವಸ್ಥೆ) ಮೇಲೆ ಅನುಮಾನ ಇಲ್ಲ. ಸ್ಕ್ವೆಲ್ಚ್ (ಸಣ್ಣ ಸದ್ದಿಗೆ ಮೈಕ್ ಮುಚ್ಚಿಡುವ ನಿಯಂತ್ರಣ) ಪೂರ್ತಿ ತೆರೆದೆ, ಪ್ಲಗ್ ಒರೆಸಿದೆ, ಕೇಬಲ್ ಉದ್ದಕ್ಕೂ ಬಗ್ಗಿಸಿ ನೋಡಿದೆ. ಕರಕರ ಸದ್ದೂ ಬರಲಿಲ್ಲ.

ಇದು ಎಲೆಕ್ಟ್ರೆಟ್ ಮೈಕ್, ಇಂಟರ್‌ಕಾಮ್ ಕಡೆಯಿಂದ ಡಿಸಿ ವೋಲ್ಟೇಜ್ ಬಂದರೇನೇ ನಡೆಯೋದು ಅಲ್ವಾ? ಮೈಕ್ ಕಳಚಿ, ಬೂಮ್ (ಮೈಕ್ ಹಿಡಿದಿರುವ ಕಡ್ಡಿ) ತುದಿಯ ಎರಡು ವೈರ್‌ಗೆ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಚೆನ್ನಾಗಿ ತೋರಿಸುತ್ತದೆ. ಮೈಕ್ ಕೂಡಿಸಿದ ತಕ್ಷಣ ಹೆಚ್ಚುಕಮ್ಮಿ ಸೊನ್ನೆಗೆ ಬೀಳುತ್ತದೆ. ಇಲ್ಲೇ ನಾನು ಸಿಕ್ಕಿಕೊಂಡಿರುವುದು. ಮೈಕ್ ಒಳಗೇ ಶಾರ್ಟ್ ಆಗಿರಬಹುದು. ಇಲ್ಲವೇ ಕೇಬಲ್ ಒಳಗೆ ಎಲ್ಲೋ ಸಂಪರ್ಕ ಹದಗೆಟ್ಟು, ವೋಲ್ಟೇಜ್ ತೋರಿಸಿದರೂ ಕರೆಂಟ್ ಕೊಡಲಾಗದೆ ಇರಬಹುದು. ಸುಮ್ನೆ ಹೊಸ ಮೈಕ್ ತರಲು ಮನಸ್ಸಿಲ್ಲ.

ಮೈಕ್ ಜಾಗದಲ್ಲಿ 470 ಓಮ್ ರೆಸಿಸ್ಟರ್ ಹಾಕಿ ಅಳೆದರೆ ಯಾವುದು ಕೆಟ್ಟಿದೆ ಅಂತ ಖಚಿತವಾಗುತ್ತದಾ? ಎಷ್ಟು ವೋಲ್ಟ್ ಉಳಿದರೆ ಕೇಬಲ್ ಸರಿಯಿದೆ ಅನ್ನಬಹುದು?