ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಕರುಳು ಶುದ್ಧಿ ಮಾಡಿಸಬಹುದೇ?

ಪ್ರಶ್ನೆ (ತೀರ್ಥಹಳ್ಳಿ)

ನನ್ನ ಅಕ್ಕನಿಗೆ ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಸ್ಲೀವ್ ಗ್ಯಾಸ್ಟ್ರೆಕ್ಟಮಿ (ತೂಕ ಇಳಿಸಲು ಜಠರವನ್ನು ಕಿರಿದಾಗಿಸುವ ಶಸ್ತ್ರಚಿಕಿತ್ಸೆ) ಆಯಿತು. ತೂಕ ಚೆನ್ನಾಗಿ ಇಳಿದಿದೆ, ಸಕ್ಕರೆ ಕಾಯಿಲೆಯೂ ಹತೋಟಿಗೆ ಬಂದಿದೆ. ಆದರೆ ಮಳೆಗಾಲ ಹಿಡಿದಂದಿನಿಂದ ಮಲಬದ್ಧತೆ ಅವಳನ್ನು ಬಹಳ ಕಾಡುತ್ತಿದೆ. ಗುದದ್ವಾರದಿಂದ ಯಂತ್ರದ ಮೂಲಕ ನೀರು ಹಾಯಿಸಿ ದೊಡ್ಡ ಕರುಳನ್ನು ತೊಳೆಸಿಕೊಂಡರೆ ವಿಷವೆಲ್ಲ ಹೋಗಿ ತೂಕ ಇನ್ನಷ್ಟು ಇಳಿಯುತ್ತದೆ ಎಂದು ಪರಿಚಯದವರೊಬ್ಬರು ಒತ್ತಾಯಿಸುತ್ತಿದ್ದಾರೆ. ಅಮ್ಮನಾದರೋ, ಹಿಂದೆ ಮನೆಯವರೆಲ್ಲ ಮಾಡುತ್ತಿದ್ದಂತೆ ಬೆಳಿಗ್ಗೆ ಬರಿಹೊಟ್ಟೆಗೆ ಹರಳೆಣ್ಣೆ ಕುಡಿಸೋಣ ಎನ್ನುತ್ತಾರೆ. ಅಕ್ಕ ಬಿಪಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ನುಂಗುತ್ತಿದ್ದಾಳೆ. ಇವೆರಡರಲ್ಲಿ ಯಾವುದು ಸುರಕ್ಷಿತ ಎಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಆಹಾರತಜ್ಞೆ, ಶಿವಮೊಗ್ಗ)

ಎರಡೂ ಬೇಡ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಬರೀ ಬೇಡ ಎಂದರೆ ಒತ್ತಾಯಿಸುವವರ ಎದುರು ನಿಮ್ಮ ಅಕ್ಕನಿಗೆ ಆಧಾರವಿರುವುದಿಲ್ಲ.

ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆಯುತ್ತಾರೆ. ದೊಡ್ಡ ಕರುಳನ್ನು ಮುಟ್ಟುವುದಿಲ್ಲ. ಹಾಗಾಗಿ ಆ ನೀರು ಜಠರದ ಹೊಲಿಗೆಗೆ ನೇರವಾಗಿ ತಾಗುವುದಿಲ್ಲ ಎಂಬುದು ನಿಜ. ಅಪಾಯವಿರುವುದು ಬೇರೆ ಕಡೆ. ಆರೋಗ್ಯವಂತರು ಭೇದಿಯಾದಾಗ ಎರಡು ದೊಡ್ಡ ಲೋಟ ನೀರು ಕುಡಿದು ಸುಧಾರಿಸಿಕೊಳ್ಳುತ್ತಾರೆ, ಆದರೆ ನಿಮ್ಮ ಅಕ್ಕ ಗುಟುಕು ಗುಟುಕಾಗಿಯೇ ಕುಡಿಯಬೇಕಾಗಿರುವುದರಿಂದ ಕಳೆದುಹೋದ ನೀರನ್ನೂ ಸೋಡಿಯಂ, ಪೊಟ್ಯಾಸಿಯಂ ಲವಣಗಳನ್ನೂ ಬೇಗ ತುಂಬಿಕೊಳ್ಳಲಾರರು. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಂಭವ ಇನ್ನೂ ಹೆಚ್ಚು. ಅಂಗಡಿಯಲ್ಲಿ ಸಿಗುವ ಸೋಡಿಯಂ ಫಾಸ್ಫೇಟ್ ಎನಿಮಾದ (ಗುದದ್ವಾರದಿಂದ ಒಳಸೇರಿಸುವ ಭೇದಿ ಔಷಧದ) ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2014ರಲ್ಲಿ ಇದೇ ಕಾರಣಕ್ಕೆ ಎಚ್ಚರಿಕೆ ನೀಡಿತ್ತು. ಇದರ ಜೊತೆಗೆ, ನಳಿಕೆಯಿಂದ ಕರುಳು ತೂತಾಗುವುದು, ಸೋಂಕು ತಗಲುವುದು ಅಪರೂಪವಾದರೂ ನಡೆದಿರುವ ಸಂಗತಿಗಳೇ.

ವಿಷ ಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಆ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಮಾಡುತ್ತವೆ. ತೊಳೆಸಿದ ದಿನ ತಕ್ಕಡಿಯಲ್ಲಿ ಕಡಿಮೆಯಾಗಿ ಕಾಣುವುದು ನೀರು ಮತ್ತು ಮಲದ ತೂಕ, ಕೊಬ್ಬಿನದ್ದಲ್ಲ.

ಮಲಬದ್ಧತೆಗೆ ಮೂಲ ಹುಡುಕಿ. ಊಟ ಕಡಿಮೆ, ನಾರು ಕಡಿಮೆ, ಮೇಲೆ ಕಬ್ಬಿಣದ ಮಾತ್ರೆ. ನಮ್ಮ ಮಲೆನಾಡಿನ ಮಳೆಯಲ್ಲಿ ಬಾಯಾರಿಕೆಯೇ ಆಗುವುದಿಲ್ಲವಾದ್ದರಿಂದ ಎಷ್ಟೋ ಜನ ದಿನಕ್ಕೆ ಅರ್ಧ ಲೀಟರ್ ನೀರನ್ನೂ ಕುಡಿಯುವುದಿಲ್ಲ. ಅಕ್ಕ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಒಂದೂವರೆ ಲೀಟರಾದರೂ ಕುಡಿಯಲಿ, ಆದರೆ ಊಟದ ಜೊತೆಗಲ್ಲ. ಚೆನ್ನಾಗಿ ಬೆಂದ ಹರಿವೆ ಸೊಪ್ಪು, ನುಣ್ಣಗೆ ಅರೆದ ಒಂದೆಲಗದ ತಂಬುಳಿ, ತೆಳ್ಳಗಿನ ಮಜ್ಜಿಗೆ ಒಗ್ಗುತ್ತವೆ. ಇಸಬ್‌ಗೋಲ್ ನೀರು ಹೀರಿ ಉಬ್ಬುವ ವಸ್ತು; ನೀರು ಸಾಲದಿದ್ದರೆ ಅದೇ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಕೇಳದೆ ಶುರು ಮಾಡಬೇಡಿ. ಮಲವನ್ನು ಮೆದುಗೊಳಿಸುವ ಲ್ಯಾಕ್ಟುಲೋಸ್‌ನಂಥ ಔಷಧವನ್ನು ಸರ್ಜನ್ ಬರೆದುಕೊಡಬಲ್ಲರು. ಕಬ್ಬಿಣದ ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು.

ಉತ್ತರ 2 (ಆಯುರ್ವೇದ ವೈದ್ಯ, ಸಾಗರ)

ಹರಳೆಣ್ಣೆಯ ಬಗ್ಗೆ ನಿಮ್ಮ ತಾಯಿಯವರಿಗೆ ನಮ್ಮ ಶಾಸ್ತ್ರದ ಮಾತನ್ನೇ ಹೇಳಿ. ದುರ್ಬಲರಿಗೆ, ಉಪವಾಸದಿಂದ ಬಳಲಿದವರಿಗೆ, ಅಗ್ನಿ (ಜೀರ್ಣಶಕ್ತಿ) ಮಂದವಾಗಿರುವವರಿಗೆ ವಿರೇಚನ, ಅಂದರೆ ಭೇದಿ ಮಾಡಿಸುವ ಚಿಕಿತ್ಸೆ, ಸಲ್ಲದು. ಇಷ್ಟು ಕಡಿಮೆ ಆಹಾರದಲ್ಲಿರುವ ಹೆಣ್ಣುಮಗಳಿಗೆ ನಾನಂತೂ ಭೇದಿಗೆ ಕೊಡುವುದಿಲ್ಲ. ಉಪ್ಪುನೀರನ್ನು ಹೊಟ್ಟೆ ತುಂಬ ಕುಡಿದು ಮಾಡುವ ಶಂಖಪ್ರಕ್ಷಾಲನವೂ ಕಿರಿದಾದ ಜಠರಕ್ಕೆ ಹೇಳಿದ್ದಲ್ಲ. ಯಾವ ವೈದ್ಯರ ಬಳಿಗೆ ಹೋದರೂ ಶಸ್ತ್ರಚಿಕಿತ್ಸೆಯ ವಿಷಯವನ್ನು ಮೊದಲೇ ತಿಳಿಸುವುದು ಅಗತ್ಯ.

ಉತ್ತರ 3 (ಹೊಸನಗರ)

ನನಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಬೈಪಾಸ್ ವಿಧಾನದಲ್ಲಿ (ಹೃದಯದ್ದಲ್ಲ, ಜಠರದ ಬೈಪಾಸ್) ಆಗಿದೆ. ಡಿಸ್ಚಾರ್ಜ್ ಆಗುವಾಗ ವೈದ್ಯರು ಹೇಳಿದ ಒಂದು ಮಾತನ್ನು ಸೇರಿಸುತ್ತೇನೆ: ಹೊಟ್ಟೆನೋವು ಜೋರಾಗಿ ವಾಂತಿ ನಿಲ್ಲದಿದ್ದರೆ, ಗಾಳಿಯೂ ಹೋಗದಿದ್ದರೆ ಅದನ್ನು ಬರೀ ಮಲಬದ್ಧತೆ ಎಂದುಕೊಳ್ಳಬಾರದು, ಕರುಳಿನಲ್ಲಿ ತಡೆ ಉಂಟಾಗಿರಬಹುದು. ನಮ್ಮಂಥ ದೂರದ ಊರಿನವರು ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಚೀಟಿ ತೆಗೆದು ನೋಡಿದೆವು, ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿದೆ. ಕರುಳು ತೊಳೆಸುವ ಯೋಚನೆಯನ್ನು ಅಕ್ಕ ಬಿಟ್ಟಿದ್ದಾಳೆ. ಆ ಮಾತ್ರೆ ಈಗಲೂ ಅಗತ್ಯವೇ ಎಂಬುದನ್ನೂ ಸೇರಿಸಿ ಸರ್ಜನ್ ಅವರಲ್ಲಿ ಕೇಳುತ್ತೇವೆ.